ರಂಗೋಲಿಯ ಮೇಲೆ ಬಿದ್ದ ಆಯಿಲ್

ಬ್ರೇಕ್ ಇನ್ಸ್‌ಪೆಕ್ಟರು ನನ್ನ ಕಾರಿನ ಮುಂದೆ ಮಂಡಿಯೂರಿ ತಲೆಯನ್ನು ನೆಲಕ್ಕೆ ತಾಗುವಷ್ಟು ಬಗ್ಗಿಸಿದಾಗ, ಅದು ನಮಸ್ಕಾರವೇ ಇರಬೇಕೆಂದು ಕ್ಷಣಕಾಲ ಭ್ರಮಿಸಿದೆ. ಎರಡು ಬಾಗಿಲು, ಎರಡು ಸೀಟಿನ ಕೆಂಪು ವಿಲಾಯಿತಿ ಸ್ಪೋರ್ಟ್ಸ್ ಕಾರು. ಕೋಲಾರದಲ್ಲಿ ಅಂಥದ್ದು ಇನ್ನೊಂದಿಲ್ಲ. ನಮಸ್ಕಾರ ಬಿದ್ದರೆ ಆಶ್ಚರ್ಯವೇನೂ ಇರಲಿಲ್ಲ. ಅವರು ಎದ್ದು ಮಂಡಿ ಕೊಡವಿಕೊಂಡರು.

"ಆಯಿಲ್ ಸೋರ್ತಾ ಇದೆ ಸಾರ್. ಸೋರೋ ಗಾಡಿ ಓಡಿಸಕ್ಕೆ ಫಿಟ್ ಅಂತ ಎಫ್‌ಸಿ ಕೊಡಕ್ಕಾಗಲ್ಲ. ಒಂದು ತಿಂಗಳು ಟೈಮ್ ತಗೊಳ್ಳಿ. ಆಮೇಲೂ ಒಂದು ತೊಟ್ಟು ಬಿದ್ರೆ ಗುಜರಿಗೆ ಹಾಕೋದೇ."

ನಾನು ವಕೀಲ. ಮಾಲೂರು, ಶ್ರೀನಿವಾಸಪುರದ ಕೋರ್ಟುಗಳಲ್ಲಿ ಆಯುಷ್ಯವೆಲ್ಲ ಬೇರೆಯವರಿಗೆ ವಾಯಿದೆ ಕೊಡಿಸಿದವನು. ನನಗಾಗಿ ವಾಯಿದೆ ಪಡೆದದ್ದು ಅದೇ ಮೊದಲು. ಇಪ್ಪತ್ತು ವರ್ಷ ಆ ಕೋರ್ಟುಗಳಿಗೆ ನನ್ನನ್ನು ಹೊತ್ತ ಕಾರು ಅದು. ನನ್ನ ವಾದಗಳನ್ನು ನನ್ನ ಕಕ್ಷಿದಾರರೇ ಮರೆತಿದ್ದಾರೆ. ಆದರೆ ಯಲ್ದೂರಿನ ಮಾವಿನ ತೋಟದವರು ಇವತ್ತಿಗೂ ಊರಿಗೆ ಬಂದು "ಕೆಂಪು ಕಾರಿನ ಲಾಯರ ಮನೆ ಎಲ್ಲಿ" ಎಂದು ಕೇಳುತ್ತಾರೆ. ಕಾರು ಹೋದರೆ ಅವರು ಯಾರ ಮನೆ ಕೇಳಬೇಕು?

ಹೀಗಾಗಿ ಮುಳಬಾಗಿಲಿನ ಮೆಕ್ಯಾನಿಕ್ಕಿನ ಮೊರೆಹೊಕ್ಕೆ. ನನಗಿಂತ ಎರಡು ವರ್ಷ ಹಿರಿಯರು. ನಾನು ಅವರನ್ನು ಭಾಯ್ ಅನ್ನುತ್ತೇನೆ, ಅವರು ನನ್ನನ್ನು ಲಾಯರ್ ಸಾಬ್ ಅನ್ನುತ್ತಾರೆ.

"ಎಲ್ಲಿಂದ ಸೋರ್ತಿದೆ ಭಾಯ್?"

"ಅರೆ ಸಾಬ್, ಆಯಿಲ್ ಬೀಳೋದೊಂದ್ ಕಡೆ, ಹುಟ್ಟೋದೊಂದ್ ಕಡೆ. ಗಾಳಿಗೆ ಹಿಂದಕ್ಕೆ ಹರೀತದೆ. ಮೊದಲು ಇದಕ್ಕೆ ಸ್ನಾನ ಆಗಬೇಕು."

ಸೀಮೆಎಣ್ಣೆ, ಬ್ರಷ್ಷು ಹಿಡಿದು ಎಂಜಿನ್ ತೊಳೆದರು. ಒಣಗಿದ ಮೇಲೆ, ನನ್ನಿಂದ ತರಿಸಿಕೊಂಡಿದ್ದ ನನ್ನ ಹೆಂಡತಿಯ ಪೌಡರ್ ಡಬ್ಬಿಯನ್ನು ಅದರ ಮೈತುಂಬ ಉದುರಿಸಿದರು. ಎಂಜಿನ್ನು ಹಸೆಮಣೆಗೆ ಕೂರಿಸಲು ಸಿಂಗರಿಸಿದಂತೆ ಬೆಳ್ಳಗಾಯಿತು. ಬೈರಕೂರಿನ ತನಕ ಹೋಗಿ ಬಂದು ಬಾನೆಟ್ ಎತ್ತಿದರೆ, ಪೌಡರಿನ ಮೇಲೆ ಒಂದು ಕಪ್ಪು ಗೆರೆ ಮೇಲ್ಮುಚ್ಚಳದ ಅಂಚಿನಿಂದ ಇಳಿದಿತ್ತು. ಭಾಯ್ ಕಾರ್ಕಿನ ಹಾಳೆಯನ್ನು ಮುಚ್ಚಳದ ಮೇಲಿಟ್ಟು, ಅಂಚಿನುದ್ದಕ್ಕೂ ಸಣ್ಣ ಸುತ್ತಿಗೆಯಿಂದ ಮೆಲ್ಲಗೆ ಕುಟ್ಟಿ ಕುಟ್ಟಿಯೇ ಸಂದು ಮುಚ್ಚುವ ಗ್ಯಾಸ್ಕೆಟ್ ಕತ್ತರಿಸಿ ಕೂರಿಸಿದರು. ಆ ಸೋರಿಕೆ ನಿಂತಿತು. ನಾಲ್ಕು ದಿನಕ್ಕೆ ಎಂಜಿನ್ನಿನ ಮುಂಭಾಗದಿಂದ ಶುರುವಾಯಿತು. ಅದನ್ನು ಕಟ್ಟಿದರೆ ಕೆಳಗಿನ ಆಯಿಲ್ ತೊಟ್ಟಿಯ ಸುತ್ತ. ಪಾಲಿನ ದಾವೆಯಲ್ಲಿ ಒಬ್ಬ ತಮ್ಮನನ್ನು ಸಮಾಧಾನ ಮಾಡಿದರೆ ಇನ್ನೊಬ್ಬ ತಕರಾರು ಹಾಕುವಂತೆ.

ಮೂರನೇ ವಾರ ಭಾಯ್ ಎಂಜಿನ್ ಓಡುತ್ತಿರುವಾಗಲೇ ಆಯಿಲ್ ಹಾಕುವ ಮುಚ್ಚಳ ತಿರುಗಿಸಿದರು. ಬಿಸಿ ಹೊಗೆ ಬುಸ್ಸೆಂದು ಅವರ ಮುಖಕ್ಕೆ ಹೊಡೆಯಿತು.

"ಇದಕ್ಕೆ ಉಸಿರು ಕಟ್ಟಿದೆ ಸಾಬ್! ಒಳಗಿನ ಗಾಳಿ ಹೊರಗೆ ಹೋಗಕ್ಕೆ ದಾರಿ ಇಲ್ಲ, ಅದಕ್ಕೇ ಸಿಕ್ಕ ಸಿಕ್ಕಲ್ಲಿ ಆಯಿಲ್ ತಳ್ತಾ ಇದೆ."

ಕಾರಿನಡಿ ನುಸುಳಿ, ಎಂಜಿನ್ನಿನಿಂದ ಕೆಳಕ್ಕೆ ಇಳಿಬಿದ್ದ ಒಂದು ಕೊಳವೆಯ ಬಾಯಿಗೆ ಇಕ್ಕಳ ಹಾಕಿ ಏನನ್ನೋ ಕಿತ್ತರು. ಅದು ಬಟ್ಟೆ ಸುತ್ತಿದ, ಎಣ್ಣೆ ಕುಡಿದು ಕಪ್ಪಾದ ಮುಸುಕಿನ ಜೋಳದ ದಿಂಡು.

"ಇದ್ಯಾವ ಕಂಪನಿ ಪಾರ್ಟು ಸಾಬ್?"

ಆ ಪಾರ್ಟು ನಮ್ಮ ಮನೆಯದೇ. ಆರು ವರ್ಷದ ಹಿಂದೆ ಒಂದು ಬೆಳಿಗ್ಗೆ ನನ್ನ ಹೆಂಡತಿ, "ಏನ್ರೀ, ನಾನು ರಂಗೋಲಿ ಹಾಕಿ ಒಳಗೆ ಬರೋದರೊಳಗೆ ನಿಮ್ಮ ಕಾರು ಅದರ ನಡುಮಧ್ಯಕ್ಕೆ ಬೊಟ್ಟು ಇಡ್ತದಲ್ಲ, ಅದಕ್ಕೆ ಹೇಳಿದವರು ಯಾರು?" ಎಂದಿದ್ದಳು. ಕಾರು ನಿಲ್ಲಿಸಲು ಮನೆಮುಂದೆ ಇರುವುದು ಅದೊಂದೇ ಜಾಗ, ರಂಗೋಲಿಗೂ ಅದೊಂದೇ ಜಾಗ. ದಿನಾ ಬೆಳಿಗ್ಗೆ ಕಾರನ್ನು ಹಿಂದಕ್ಕೆ ತಳ್ಳಿ, ಆಮೇಲೆ ರಂಗೋಲಿಯನ್ನು ಚಕ್ರಗಳ ನಡುವೆ ಬಿಟ್ಟು ಮತ್ತೆ ಅಲ್ಲೇ ನಿಲ್ಲಿಸುತ್ತಿದ್ದೆ. ಕೆಳಗೆ ಮಲಗಿ ನೋಡಿದರೆ, ಯಾವುದಕ್ಕೂ ತಗುಲಿಕೊಳ್ಳದೆ ಸುಮ್ಮನೆ ಜೋತಾಡುತ್ತಿದ್ದ ಒಂದು ಕೊಳವೆಯ ತುದಿಯಲ್ಲಿ ತೊಟ್ಟು ನಿಂತಿತ್ತು. ನಮ್ಮಜ್ಜಿ ಹರಳೆಣ್ಣೆ ಶೀಸೆಗೆ ಜೋಳದ ದಿಂಡಿನ ಬಿರಡೆ ಹಾಕುತ್ತಿದ್ದದ್ದು ನೆನಪಾಯಿತು. ಹಾಗೇ ಮಾಡಿದೆ. ಮಾರನೆಯ ದಿನದಿಂದ ರಂಗೋಲಿ ಶುಭ್ರ. ವಿಲಾಯಿತಿಯ ಎಂಜಿನಿಯರುಗಳಿಗೆ ಹೊಳೆಯದ್ದು ನನಗೆ ಹೊಳೆಯಿತೆಂದು ಬಹಳ ದಿನ ಹೆಮ್ಮೆಪಟ್ಟೆ.

"ಯಾರೋ ಹಳೇ ಓನರ್ ಇಟ್ಟಿರಬೇಕು ಭಾಯ್," ಎಂದೆ.

ಭಾಯ್ ಆ ಹಳೇ ಓನರನ್ನು ಉರ್ದುವಿನಲ್ಲಿ, ತೆಲುಗಿನಲ್ಲಿ, ಕೊನೆಗೆ ನನಗೆ ಸಂಪೂರ್ಣ ಅರ್ಥವಾಗಲೆಂದು ಕನ್ನಡದಲ್ಲಿ ಬೈದರು. ಮೂರಕ್ಕೂ ಗಂಭೀರವಾಗಿ ತಲೆಯಾಡಿಸಿದೆ. ಆಮೇಲೆ ಅವರು ದಿಂಡಿಗೆ ಸುತ್ತಿದ್ದ ಬಟ್ಟೆ ಬಿಚ್ಚಿದರು. ವಕೀಲರು ಕೊರಳಿಗೆ ಕಟ್ಟುವ ಬಿಳಿ ಪಟ್ಟಿ.

"ಹಳೇ ಓನರೂ ಲಾಯರಾ ಸಾಬ್?"

ನನ್ನ ವೃತ್ತಿಜೀವನದಲ್ಲಿ ಅಷ್ಟು ಚಿಕ್ಕ ಪಾಟೀಸವಾಲಿಗೆ ಅಷ್ಟು ಪೂರ್ತಿಯಾಗಿ ಸೋತ ಸಾಕ್ಷಿಯನ್ನು ನಾನು ಕಂಡಿಲ್ಲ.

ಬಿರಡೆ ತೆಗೆದು, ಕೊಳವೆಯ ತೊಟ್ಟು ಹಿಡಿಯಲು ಭಾಯ್ ಒಂದು ಚಿಕ್ಕ ಡಬ್ಬಿ ಕಟ್ಟಿದ ಮೇಲೆ ಎಲ್ಲ ಕಡೆಯ ಸೋರಿಕೆಯೂ ನಿಂತಿತು, ಒಂದನ್ನು ಬಿಟ್ಟು. ಎಂಜಿನ್ನಿನ ಹಿಂಭಾಗ, ಗೇರ್‌ಬಾಕ್ಸ್ ಕೂಡುವ ಜಾಗ. ವಾಯಿದೆಗೆ ಮೂರು ದಿನ ಇರುವಾಗ ಗೇರ್‌ಬಾಕ್ಸ್ ಇಳಿಸಿದರು. ಅಲ್ಲಿ ಆಯಿಲ್ ತಡೆಯುವ ಸೀಲ್ ತೆಗೆದು, ಅದು ಕೂರುವ ಶಾಫ್ಟಿನ ಮೇಲೆ ಭಾಯ್ ಕಣ್ಣು ಮುಚ್ಚಿ ಹೆಬ್ಬೆರಳಿನ ಉಗುರು ಎಳೆದರು. ಉಗುರು ಒಂದು ಕಡೆ ಸಿಕ್ಕಿ ನಿಂತಿತು.

"ಗೀರು ಬಿದ್ದಿದೆ ಸಾಬ್. ಇಷ್ಟು ವರ್ಷ ಒಳಗಿನ ಗಾಳಿ ಸೀಲನ್ನ ಇದರ ಮೇಲೆ ಒತ್ತಿ ಒತ್ತಿ ತೇದುಬಿಟ್ಟಿದೆ. ಹೊಸ ಸೀಲೂ ಇಲ್ಲಿ ನಿಲ್ಲಲ್ಲ."

"ಶಾಫ್ಟನ್ನ ಲೇತಿಗೆ ಕೊಟ್ಟರೆ?"

"ಆಗಲೇ ಎರಡು ಸಲ ತೇದಿದಾರೆ. ಇನ್ನು ತೇಯಕ್ಕೆ ಅದರಲ್ಲಿ ಏನೂ ಉಳಿದಿಲ್ಲ. ಹೊಸ ಶಾಫ್ಟು ಈಗ ಎಲ್ಲೂ ಸಿಗಲ್ಲ."

ನಾನು ದನಿ ತಗ್ಗಿಸಿದೆ. "ಇನ್ಸ್‌ಪೆಕ್ಟರ್ ನೋಡೋ ಹತ್ತು ನಿಮಿಷ ನಿಂತರೆ ಸಾಕು ಭಾಯ್. ಏನಾದ್ರೂ ಮೆತ್ತಿಬಿಡಿ."

"ಮೆತ್ತಬಹುದು. ಹನ್ನೊಂದನೇ ನಿಮಿಷಕ್ಕೆ ಆಯಿಲ್ ಕ್ಲಚ್ಚಿಗೆ ಇಳೀತದೆ. ಟೇಕಲ್ ಕಡೆ ಏರಿನಲ್ಲಿ ಕ್ಲಚ್ ಜಾರಿ ಗಾಡಿ ಹಿಂದಕ್ಕೆ ಬಂತು ಅಂದ್ಕೊಳ್ಳಿ, ಹಿಂದೆ ಲಾರಿ ಇದೆ. ಆಗ ಯಾರನ್ನ ಸಾಕ್ಷಿ ಕರೀತೀರ?"

ಹೊಸ ಸೀಲನ್ನೇ ಹಾಕಿದರು, ಮೆತ್ತಲಿಲ್ಲ. ನಾನೂ ಮತ್ತೆ ಕೇಳಲಿಲ್ಲ.

ವಾಯಿದೆಯ ದಿನ ಇನ್ಸ್‌ಪೆಕ್ಟರು ಎಂಜಿನ್ ಓಡುತ್ತಿರುವಂತೆಯೇ ಕಾರಿನಡಿಗೆ ಹಳೆಯ ದಿನಪತ್ರಿಕೆ ಹಾಸಿದರು. ಇಬ್ಬರೂ ಕುಕ್ಕರಗಾಲಲ್ಲಿ ಕೂತು ಕಾದೆವು. ಭಾಯ್ ದೂರದಲ್ಲಿ ಗೋಡೆಗೆ ಒರಗಿ ನಿಂತಿದ್ದರು, ನೋಡುತ್ತಿರಲಿಲ್ಲ. ಆರೇಳು ನಿಮಿಷಕ್ಕೆ ಕಾಗದದ ಮೇಲೆ ಟಪ್ ಎಂದಿತು. ಬಹಳ ಸಣ್ಣ ಶಬ್ದ.

"ಬೇಜಾರು ಮಾಡ್ಕೋಬೇಡಿ ಸಾರ್," ಎಂದು ಅವರು ಬರೆದುಕೊಂಡರು. "ಇನ್ನು ಇದನ್ನ ರೋಡಲ್ಲಿ ಓಡಿಸಂಗಿಲ್ಲ. ಎಳಿಸ್ಕೊಂಡು ಹೋಗಿ."

ಮಾರ್ಕೆಟ್ಟಿನಲ್ಲಿ ಟೊಮೆಟೊ ಇಳಿಸಿ ಬರುತ್ತಿದ್ದ ಟೆಂಪೋವೊಂದಕ್ಕೆ ಭಾಯ್ ಹಗ್ಗ ಕಟ್ಟಿದರು. ನಾನು ಸ್ಟೀರಿಂಗ್ ಹಿಡಿದು ಕೂತೆ, ಅವರು ಪಕ್ಕದ ಸೀಟಿನಲ್ಲಿ. ಬಸ್‌ಸ್ಟ್ಯಾಂಡ್ ದಾಟುವಾಗ ಪರಿಚಯದವರು ಕೈ ಎತ್ತಿದರು. ಇಬ್ಬರೂ ಕೈ ಎತ್ತಿದೆವು. ಎಂಜಿನ್ ಆರಿತ್ತು. ಮನೆ ತಲುಪುವ ತನಕ ರಸ್ತೆಯ ಮೇಲೆ ಒಂದು ತೊಟ್ಟೂ ಬೀಳಲಿಲ್ಲ.