ಪೆಗ್‌ನ ಆರನೆಯ ಏಪ್ರಿಲ್

ನನ್ನ ಅಕ್ಕ ಆಡ್ರಿಯನ್ನು ಮಣ್ಣು ಮಾಡಿ ಬಂದ ಮಧ್ಯಾಹ್ನ, ಮನೆ ತುಂಬ ಜನ ಕೂತು ಹ್ಯಾಮ್ ಸ್ಯಾಂಡ್‌ವಿಚ್ ತಿನ್ನುತ್ತಿರುವಾಗ, ಅವಳ ಗಂಡ ಲೆನ್ ಎದ್ದು ಹಿತ್ತಲಿಗೆ ಹೋದ. ಪಾಪ, ಅಳೋದಕ್ಕೆ ಹೋದ ಎಂದು ಎಲ್ಲರೂ ಅಂದುಕೊಂಡರು. ನಾನು ಕಿಟಕಿಯಿಂದ ನೋಡಿದೆ. ಕಪ್ಪು ಕೋಟಿನಲ್ಲೇ ಮಂಡಿಯೂರಿ, ಮುಂಗುಸಿಯಂಥ ಸಾಕುಪ್ರಾಣಿ ಫೆರೆಟ್‌ನ ಗೂಡಿನ ಮೂಲೆಯಲ್ಲಿದ್ದ ಗಲೀಜನ್ನು ಕರಣೆಯಿಂದ ಕೆರೆದು ಬಕೆಟ್ಟಿಗೆ ಹಾಕುತ್ತಿದ್ದ. ಆಮೇಲೆ ನೀರಿನ ಬಾಟಲಿ ತೊಳೆದ, ಹಳೆ ಹುಲ್ಲು ತೆಗೆದು ಹೊಸದು ಹಾಸಿದ, ಮೊಲದ ಒಂದು ತೊಡೆ ಒಳಗಿಟ್ಟು ಚಿಲಕ ಹಾಕಿದ. ಕೈ ತೊಳೆದು ಒಳಗೆ ಬಂದು ಪಾದ್ರಿಯ ಪಕ್ಕ ಕೂತ. ಅವನ ಕಣ್ಣಲ್ಲಿ ಒಂದು ಹನಿಯೂ ಇರಲಿಲ್ಲ. ನನಗೆ ಎಲ್ಲಿಲ್ಲದ ಸಿಟ್ಟು ಬಂತು.

ನನ್ನ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ, ಆಕ್‌ಥಾರ್ಪ್ ಊರಿಗೆಲ್ಲ ಅದು ಗೊತ್ತು. ಆದರೆ ಲೆನ್‌ನ ವಿಷಯದಲ್ಲಿ ಅದು ನ್ಯಾಯವಾಗಿರಲಿಲ್ಲ. ಹದಿನೈದನೆಯ ವರ್ಷಕ್ಕೆ ಗಣಿಗೆ ಇಳಿದವನು ಅವನು. ಮೂವತ್ತು ವರ್ಷ ಕಲ್ಲಿದ್ದಲಿನ ಸೀಳಿನಲ್ಲಿ ಮಂಡಿಯ ಮೇಲೆ ದುಡಿದು, ಎರಡೂ ಮಂಡಿ ಕೆಡಿಸಿಕೊಂಡ. ಗಣಿ ಮುಚ್ಚಿದ ಮೇಲೆ ಎಲ್ಲೂ ಕೆಲಸ ಸಿಗಲಿಲ್ಲ. ಮಾತು ಮೊದಲೇ ಕಡಿಮೆ, ಆಮೇಲೆ ಇನ್ನೂ ಕಡಿಮೆಯಾಯಿತು. ಆಡ್ರಿ ಮಾತ್ರ ಇಬ್ಬರ ಪಾಲಿನದನ್ನೂ ತಾನೇ ಆಡುತ್ತಿದ್ದಳು. ಅವನು ತಲೆಯಾಡಿಸಿದರೆ ಅವಳಿಗೆ ಅಷ್ಟೇ ಸಾಕು.

ನಮ್ಮಲ್ಲಿ ಗಂಡಸರು ಫೆರೆಟ್ ಸಾಕುತ್ತಿದ್ದದ್ದು ಮೊಲದ ಬೇಟೆಗಾಗಿ. ಬಿಲದೊಳಗೆ ಅದನ್ನು ಬಿಟ್ಟರೆ ಮೊಲ ಹೆದರಿ ಆಚೆ ಬಾಯಿಯಿಂದ ಓಡಿಬಂದು ಬಲೆಗೆ ಬೀಳಬೇಕು. ಎಂಬತ್ತನಾಲ್ಕರ ಗಣಿ ಮುಷ್ಕರದಲ್ಲಿ ವರ್ಷವಿಡೀ ಸಂಬಳವಿಲ್ಲದಾಗ, ನಮ್ಮ ಸಾಲುಮನೆಗಳ ಅರ್ಧ ಮಕ್ಕಳು ಬೆಳೆದದ್ದು ಲೆನ್ ಮತ್ತು ಅವನ ಗೆಳೆಯ ರಾಯ್ ಬಿನ್ಸ್ ತಂದ ಮೊಲದಿಂದ. ಇಬ್ಬರೂ ಬೆಳಗಾಗುವ ಮುಂಚೆ ಹೋಗಿ, ನಾಲ್ಕು ಮೊಲ ತಂದರೆ ಮೂರನ್ನು ಹಂಚಿಬಿಡುತ್ತಿದ್ದರು.

ಆ ವರ್ಷದ ನವೆಂಬರಿನಲ್ಲಿ ರಾಯ್ ಮುಷ್ಕರ ಮುರಿದು ಕೆಲಸಕ್ಕೆ ವಾಪಸು ಹೋದ. ಕಿಟಕಿಗೆಲ್ಲ ತಂತಿಬಲೆ ಹೊಡೆದ ಬಸ್ಸು ಬಂದು, ಪೊಲೀಸರ ನಡುವೆ ಅವನನ್ನು ಹತ್ತಿಸಿಕೊಂಡು ಹೋಯಿತು. ಮನೆಯಲ್ಲಿ ಕಾಯಿಲೆಯ ಕೂಸಿತ್ತು, ನಿಜ. ಎಲ್ಲರ ಮನೆಯಲ್ಲೂ ಏನೋ ಒಂದು ಇತ್ತು. ಅಂದಿನಿಂದ ಅವನೊಂದಿಗೆ ಆಕ್‌ಥಾರ್ಪಿನಲ್ಲಿ ಯಾರೂ ಮಾತಾಡಿಲ್ಲ. ಹೊಡೆಯಲಿಲ್ಲ, ಬಡಿಯಲಿಲ್ಲ, ಸುಮ್ಮನೆ ಮಾತು ನಿಲ್ಲಿಸಿದೆವು. ಅವನ ಹೆಂಡತಿ ಎರಡು ವರ್ಷ ತಡೆದು ಮಗುವನ್ನು ಕರೆದುಕೊಂಡು ಬೇರೆ ಊರಿಗೆ ಹೋದಳು. ಅವನು ಹೋಗಲಿಲ್ಲ. ನಮ್ಮ ಬೀದಿಯ ಕೊನೆಯ ಮನೆಯಲ್ಲೇ ಉಳಿದ. ಲೆನ್‌ನ ಬಾಗಿಲಿಂದ ಅವನ ಗೇಟಿಗೆ ನೂರು ಗಜ ದೂರ.

ಆ ಗೂಡಿನ ಫೆರೆಟ್ ಪೆಗ್ ಬಂದದ್ದು ಇದೆಲ್ಲ ಆಗಿ ಐದಾರು ವರ್ಷಕ್ಕೆ. ಹತ್ತು ಮರಿಗಳಲ್ಲಿ ಕೊನೆಯದು, ಬೆರಳುದ್ದ ಇತ್ತು. ಯಾರಿಗೂ ಬೇಡವಾದದ್ದನ್ನು ಆಡ್ರಿ ಏಪ್ರನ್ನಿನ ಜೇಬಿನಲ್ಲಿ ಹಾಕಿಕೊಂಡು ಬಂದು, ಮೊಟ್ಟೆಯ ಹಳದಿ ನೆಕ್ಕಿಸಿ ಬದುಕಿಸಿದಳು. ಕೆನೆಬಣ್ಣದ ಉದ್ದ ಮೈ, ಗಿಡ್ಡ ಕಾಲು, ಎಷ್ಟು ಉಜ್ಜಿದರೂ ಹೋಗದ ವಾಸನೆ. ನಾನು ಮೂಗು ಮುಚ್ಚಿಕೊಂಡರೆ, ನಿನ್ನ ಗಂಡನ ಕಾಲುಚೀಲಕ್ಕಿಂತ ವಾಸಿ ಕಣೇ ಎನ್ನುತ್ತಿದ್ದಳು. ಲೆನ್‌ನ ಹಳೆ ಪ್ಯಾಂಟಿನ ಕಾಲು ಕತ್ತರಿಸಿ ಅದಕ್ಕೆ ತೂಗುಮಂಚ ಹೊಲಿದಳು. ಹದಿನೈದು ದಿನಕ್ಕೊಮ್ಮೆ ಹೊಟ್ಟೆಯ ಮೇಲೆ ಎಣ್ಣೆ ಹಚ್ಚಿ, ಅದು ನೆಕ್ಕುತ್ತಿರುವಾಗ ಉಗುರು ಕತ್ತರಿಸುತ್ತಿದ್ದಳು. ಬೇಸಿಗೆಯಲ್ಲಿ ಗೂಡಿನ ಮೇಲೆ ಒದ್ದೆ ಗೋಣಿ ಹೊದೆಸಬೇಕು, ಸೆಕೆ ಅದಕ್ಕೆ ಆಗದು. ದಿನಕ್ಕೆ ಎರಡು ಹೊತ್ತು ಹೊರಗೆ ಬಿಡಬೇಕು. ಇಷ್ಟನ್ನೂ ಆಡ್ರಿ ಮಾಡುತ್ತಿದ್ದಳು, ಲೆನ್ ನೋಡುತ್ತಿದ್ದ.

ಹೆಣ್ಣು ಫೆರೆಟ್‌ನದು ಇನ್ನೊಂದು ಪಾಡು. ಹಗಲು ಉದ್ದವಾಗುತ್ತಿದ್ದಂತೆ ಬೆದೆಗೆ ಬರುತ್ತದೆ. ಗಂಡು ಕೂಡುವ ತನಕ ಆ ಬೆದೆ ಇಳಿಯುವುದೇ ಇಲ್ಲ. ಹಾಗೇ ಬಿಟ್ಟರೆ ತಿಂಗಳೊಪ್ಪತ್ತಿನಲ್ಲಿ ರಕ್ತ ನೀರಾಗಿ ಸಾಯುತ್ತದೆ. ಮರಿ ಬೇಡವೆಂದರೆ, ಆಪರೇಷನ್ ಮಾಡಿಸಿದ ಗಂಡಿನ ಜೊತೆ ಎರಡು ದಿನ ಬಿಡಬೇಕು. ಬೆದೆ ಇಳಿಯುತ್ತದೆ, ಮರಿಯೂ ಆಗುವುದಿಲ್ಲ. ಪೇಟೆಯ ಪಶುವೈದ್ಯರ ಹತ್ತಿರ ಅದಕ್ಕೊಂದು ಇಂಜೆಕ್ಷನ್ ಇತ್ತಂತೆ. ಫೆರೆಟ್ಟಿಗೂ ಡಾಕ್ಟರೇ ಎಂದು ನಮ್ಮವರು ನಗುತ್ತಿದ್ದರು. ಆಡ್ರಿ ಪ್ರತಿ ಏಪ್ರಿಲ್‌ನಲ್ಲಿ ಪೆಗ್ ಅನ್ನು ಮುಚ್ಚಳದ ಬುಟ್ಟಿಯಲ್ಲಿ ಹಾಕಿಕೊಂಡು ಹೋಗುತ್ತಿದ್ದಳು. ಬಸ್ಸಿನಲ್ಲಿ ಪಕ್ಕದೂರಿನ ಒಬ್ಬರ ಮನೆಗೆ ಎಂದು ಹೇಳಿದ್ದಳು. ನಾನಾಗಲಿ ಲೆನ್ ಆಗಲಿ ಯಾರ ಮನೆ ಎಂದು ಕೇಳಿರಲಿಲ್ಲ.

ಆಡ್ರಿ ಹೋದದ್ದು ಫೆಬ್ರುವರಿಯಲ್ಲಿ, ಅಡುಗೆಮನೆಯಲ್ಲಿ ನಿಂತಲ್ಲೇ ಕುಸಿದು. ಆಮೇಲೆ ಲೆನ್ ಗಡಿಯಾರದ ಹಾಗೆ ನಡೆದ. ಬೆಳಿಗ್ಗೆ ಏಳಕ್ಕೆ ಗೂಡು, ಸಂಜೆ ನಾಲ್ಕಕ್ಕೆ ಗೂಡು. ನಾನು ಒಯ್ದ ಮಾಂಸದ ಪೈ ತಿನ್ನುತ್ತಿದ್ದ, ತಟ್ಟೆ ತೊಳೆದು ವಾಪಸು ಕೊಡುತ್ತಿದ್ದ. ಹೇಗಿದೀಯ ಎಂದರೆ ಇದೀನಿ ಎನ್ನುತ್ತಿದ್ದ. ಅತ್ತುಬಿಡು ಮಾರಾಯ ಎಂದು ಒಂದು ದಿನ ಗದರಿದೆ. ಬರ್ತಾ ಇಲ್ಲ ಎಂದ, ಮಳೆ ಬರುತ್ತಿಲ್ಲ ಎನ್ನುವಷ್ಟೇ ಸಪ್ಪಗೆ.

ಏಪ್ರಿಲ್ ಕೊನೆಯ ಸೋಮವಾರ ನಾನು ಅಂಗಡಿಯಲ್ಲಿ ಬೀನ್ಸ್ ಡಬ್ಬಿ ಹುಡುಕುತ್ತಿದ್ದೆ. ಪಕ್ಕದಲ್ಲಿ ರಾಯ್ ಬಿನ್ಸ್ ಬಂದು ನಿಂತ. ನಾನು ಮುಖ ತಿರುಗಿಸಿದೆ. ಅವನು ನನ್ನನ್ನು ನೋಡದೆ ಎದುರಿನ ಡಬ್ಬಿಗಳಿಗೆ ಹೇಳಿದ:

“ಆಡ್ರಿಯ ಹೆಣ್ಣು ಫೆರೆಟ್ ಈ ಸಲ ನನ್ನ ಗಂಡಿನ ಹತ್ರ ಬರಲಿಲ್ಲ. ಐದು ವರ್ಷ ತಪ್ಪಿಸಿರಲಿಲ್ಲ. ತಡ ಆದ್ರೆ ಅದು ಉಳಿಯಲ್ಲ.”

ನಾನು ಬೀನ್ಸ್ ಕೊಳ್ಳದೆಯೇ ಹೊರಗೆ ಬಂದೆ. ಅಕ್ಕ ಸತ್ತು ಎರಡು ತಿಂಗಳಾದ ಮೇಲೆ ಅವಳ ಮೇಲೆ ಅಷ್ಟು ಕೋಪ ಬರುತ್ತದೆ ಎಂದು ನಾನು ಅಂದುಕೊಂಡಿರಲಿಲ್ಲ. ನೇರ ಲೆನ್‌ನ ಮನೆಗೆ ಹೋಗಿ, ನಿನ್ನ ಹೆಂಡತಿ ಪಕ್ಕದೂರಿಗೂ ಹೋಗ್ತಿರಲಿಲ್ಲ, ಎಲ್ಲಿಗೂ ಹೋಗ್ತಿರಲಿಲ್ಲ, ಆ ದ್ರೋಹಿಯ ಮನೆಗೆ ಹೋಗ್ತಿದ್ದಳು ಎಂದು ಒಂದೇ ಉಸಿರಿಗೆ ಹೇಳಿಬಿಟ್ಟೆ. ಲೆನ್ ಕೇಳಿಸಿಕೊಂಡ. ಎದ್ದು ಹಿತ್ತಲಿಗೆ ಹೋಗಿ ಪೆಗ್ ಅನ್ನು ಎತ್ತಿ ತಿರುಗಿಸಿ ನೋಡಿದ. ಹಿಂಬದಿ ಅಂಜೂರದಷ್ಟು ಊದಿತ್ತು. ಬಾಲದ ಬುಡದಲ್ಲಿ ಕೂದಲು ತೆಳ್ಳಗಾಗಿತ್ತು. ದಿನಕ್ಕೆರಡು ಸಲ ಕೈಯಾರೆ ಊಟ ಹಾಕಿದವನು ಅದನ್ನು ಕಂಡೇ ಇರಲಿಲ್ಲ.

“ಅದು ಆಡ್ರಿ ನೋಡ್ಕೊಳ್ತಾಳೆ ಅಂತ ಇದ್ದೆ ಕಣೇ ಮಾವಿಸ್,” ಎಂದ.



ಮೂರು ದಿನ ಅವನು ಬೇರೆ ಗಂಡು ಹುಡುಕಿದ. ಫೋನ್ ಮುಟ್ಟದವನು ಹಳೆ ಗಣಿ ಗೆಳೆಯರಿಗೆಲ್ಲ ಫೋನ್ ಮಾಡಿದ. ಒಬ್ಬನದು ಸತ್ತಿತ್ತು, ಇನ್ನೊಬ್ಬ ಎಲ್ಲವನ್ನೂ ಮಾರಿ ಮಗಳ ಮನೆ ಸೇರಿದ್ದ. ಫೆರೆಟ್ ಸಾಕುವ ಕಾಲವೇ ಮುಗಿದಿತ್ತು. ಪೇಟೆಯ ಡಾಕ್ಟರ ಯೋಚನೆ ನಮ್ಮಿಬ್ಬರಿಗೂ ಬರಲಿಲ್ಲ. ನಾಲ್ಕನೆಯ ದಿನ ಬುಟ್ಟಿ ಹಿಡಿದು ನನ್ನ ಬಾಗಿಲಿಗೆ ಬಂದ. ಅವನು ನನ್ನಿಂದ ಜೀವಮಾನದಲ್ಲಿ ಏನನ್ನೂ ಕೇಳಿದವನಲ್ಲ.

“ನೀನು ಒಯ್ದು ಕೊಡ್ತೀಯಾ? ಬಾಗಿಲಲ್ಲಿ ಇಟ್ಟು ಬಂದ್ರೂ ಸಾಕು.”

ನನ್ನ ಗಂಡ ಜ್ಯಾಕ್ ಆ ಮುಷ್ಕರದ ಸಾಲಿನಲ್ಲಿ ನಿಂತು ಪೊಲೀಸರ ಲಾಠಿಗೆ ತಲೆ ಒಡೆಸಿಕೊಂಡವನು, ಆಮೇಲೆ ಪೂರ್ತಿ ಸರಿಹೋಗಲೇ ಇಲ್ಲ. ನಾನು ಅದನ್ನೇ ಹೇಳಿದೆ. ಜ್ಯಾಕ್ ಮಣ್ಣಾಗಿರೋ ಊರಲ್ಲಿ ನಾನು ಆ ಗೇಟು ಮುಟ್ಟಲ್ಲ, ಒಂದು ಇಲಿಯಂಥ ಪ್ರಾಣಿಗೋಸ್ಕರ ಅಂತೂ ಮುಟ್ಟಲ್ಲ ಎಂದೆ. ಲೆನ್ ಸರಿ ಎಂದ. ಒತ್ತಾಯ ಮಾಡಲಿಲ್ಲ.

ಆಮೇಲಿನ ಆರು ದಿನ ನಾನು ಮಹಡಿಯ ಕಿಟಕಿಯಿಂದ ನೋಡುತ್ತಿದ್ದೆ. ಬೆಳಿಗ್ಗೆ ಒಂಬತ್ತಕ್ಕೆ ಬುಟ್ಟಿ ಹಿಡಿದು ಹೊರಡುತ್ತಿದ್ದ, ರಾಯ್‌ನ ಗೇಟಿನ ತನಕ ಹೋಗುತ್ತಿದ್ದ, ನಿಲ್ಲುತ್ತಿದ್ದ, ವಾಪಸು ಬರುತ್ತಿದ್ದ. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವ ಜಾತಿ ನಮ್ಮದು. ಒಂದು ದಿನ ಗೇಟಿನ ಮೇಲೆ ಕೈಯನ್ನೂ ಇಟ್ಟ. ಪರದೆ ಸರಿಸಿ ನಿಂತ ನನಗೆ, ತೆಗಿಯೋ ಮುಠ್ಠಾಳ ಎಂದು ಕೂಗಬೇಕೆನಿಸಿತು. ನಾನು ಕೂಗಲಿಲ್ಲ. ಆ ವಾರದ ಕೊನೆಗೆ ಪೆಗ್ ಹಿಂಗಾಲು ಎಳೆದು ನಡೆಯುತ್ತಿತ್ತು.

ಹನ್ನೊಂದನೆಯ ದಿನ ಲೆನ್ ರಾಯ್‌ನ ಬಾಗಿಲು ತಟ್ಟಿದ. ರಾಯ್ ತೆಗೆದ. ಇಬ್ಬರೂ ಏನೂ ಮಾತಾಡಲಿಲ್ಲ ಎಂದು ಲೆನ್ ಆಮೇಲೆ ಹೇಳಿದ. ರಾಯ್ ಬುಟ್ಟಿ ಇಸಿದುಕೊಂಡು ಪೆಗ್‌ನ ತುಟಿ ಎತ್ತಿ ನೋಡಿದ. ವಸಡು ಮೇಣದಷ್ಟು ಬೆಳ್ಳಗಿತ್ತು. ತನ್ನ ಗಂಡು ಫೆರೆಟನ್ನು ಹೊರಗೆ ತೆಗೆಯಲೇ ಇಲ್ಲ ಅವನು, ಕಾರಿನ ಕೀ ತೆಗೆದುಕೊಂಡ. ಲೆನ್ ಬುಟ್ಟಿಯನ್ನು ತೊಡೆಯ ಮೇಲಿಟ್ಟುಕೊಂಡು ರಾಯ್ ಬಿನ್ಸ್‌ನ ಕಾರಿನಲ್ಲಿ ನಮ್ಮ ಬೀದಿಯಲ್ಲಿ ಹಾದುಹೋದದ್ದನ್ನು ಊರೆಲ್ಲ ನೋಡಿತು. ನಾನೂ ನೋಡಿದೆ.

ಪೇಟೆಯ ವೈದ್ಯೆ ಚಿಕ್ಕ ವಯಸ್ಸಿನ ಹುಡುಗಿ. ಇನ್ನು ಇಂಜೆಕ್ಷನ್ ಹಿಡಿಯುವುದಿಲ್ಲ, ರಕ್ತ ಉಳಿದಿಲ್ಲ, ಒಂದು ವಾರ ಮುಂಚೆ ತಂದಿದ್ದರೆ ಆಗುತ್ತಿತ್ತು ಎಂದಳು. ನೋವಾಗದ ಹಾಗೆ ಕಳಿಸಬಹುದು, ಬೇಕಾದರೆ ನೀವು ಹೊರಗಿರಿ ಎಂದಳು. ಲೆನ್ ಹೊರಗೆ ಹೋಗಲಿಲ್ಲ. ಅವನ ಅಂಗೈಯಲ್ಲೇ ಅದು ಹೋಯಿತು.

ಅವತ್ತು ಸಂಜೆ ಅವನು ನನ್ನ ಅಡುಗೆಮನೆಗೆ ಬಂದು ಕೂತ. ನಾನು ಚಹಾ ಮಾಡಿಕೊಟ್ಟೆ, ಅವನು ಕುಡಿಯಲಿಲ್ಲ. ವಾಪಸು ಬರುವಾಗ ಕಾರಿನಲ್ಲಿ ರಾಯ್‌ನನ್ನು ಒಂದೇ ಮಾತು ಕೇಳಿದನಂತೆ, ಆಡ್ರಿ ನಿನ್ನ ಜೊತೆ ಏನು ಮಾತಾಡ್ತಿದ್ದಳು ಅಂತ. ಏನೂ ಇಲ್ಲ ಎಂದನಂತೆ ರಾಯ್. ಒಂದು ಸಲವೂ ಅವಳು ಅವನತ್ತ ತಿರುಗಿ ಮಾತಾಡಲಿಲ್ಲವಂತೆ. ಹೇಳುವುದನ್ನೆಲ್ಲ ಪೆಗ್‌ಗೆ ಹೇಳುತ್ತಿದ್ದಳಂತೆ. “ಪೆಗ್, ಈ ಮನುಷ್ಯನಿಗೆ ಹೇಳು, ಶುಕ್ರವಾರ ಕರ್ಕೊಂಡು ಹೋಗೋಕೆ ಬರ್ತೀನಿ ಅಂತ. ಪೆಗ್, ಇವನಿಗೆ ಹೇಳು, ಕೋಟಿನ ಗುಂಡಿ ಹೋಗಿದೆ, ಹಾಕ್ಕೊಳ್ಳಲಿ ಅಂತ.” ಊರಿನ ಕಟ್ಟನ್ನು ಅವಳು ಮುರಿಯಲೂ ಇಲ್ಲ, ಆ ಪ್ರಾಣಿಯನ್ನು ಸಾಯಲು ಬಿಡಲೂ ಇಲ್ಲ.

ತಪ್ಪು ನನ್ನದೇ ಲೆನ್, ನೀನು ಕೇಳಿದ ದಿನವೇ ನಾನು ಒಯ್ದಿದ್ದರೆ ಉಳೀತಿತ್ತು ಎಂದೆ. ಅವನು ಇಲ್ಲ ಎನ್ನುತ್ತಾನೆ ಎಂದು ಕಾದೆ. ಅವನು ಹಾಗೆ ಅನ್ನಲಿಲ್ಲ.

“ಹೌದು, ಉಳೀತಿತ್ತು,” ಎಂದ. “ನಾನು ಒಯ್ದಿದ್ರೂ ಉಳೀತಿತ್ತು. ಆಡ್ರಿ ಒಬ್ಬಳಿಗೆ ದಾರಿ ಗೊತ್ತಿತ್ತು ಕಣೇ. ನಮಗೆ ಗೊತ್ತಿದ್ದದ್ದು ಗೇಟಿನ ತನಕ.”

ಆಗ ಅವನು ಅತ್ತ. ಮೇಜಿನ ಮೇಲೆ ಎರಡೂ ಕೈ ಚಾಚಿಟ್ಟುಕೊಂಡು, ಮುಖ ಮುಚ್ಚಿಕೊಳ್ಳದೆ, ಸದ್ದಿಲ್ಲದೆ ಅತ್ತ. ನಾನು ಎದುರಿನ ಕುರ್ಚಿಯಲ್ಲಿ ಕೂತಿದ್ದೆ. ನನಗೆ ಅಳು ಬರಲಿಲ್ಲ.