ಹೊರಡುವಾಗ ಹೇಳುವ ಮಾತು

ಪೆರೋಲ್ ಮೇಲೆ ಕಾನಸೂರಿನ ಮನೆಗೆ ಬಂದಿದ್ದ ಕೈದಿಯೊಬ್ಬರು ಒಂದು ದಿನ ಠಾಣೆಗೆ ಹೋಗಿ ಸಹಿ ಹಾಕಿರಲಿಲ್ಲ. ಪೆರೋಲ್ ರದ್ದು ಮಾಡಬೇಕೇ ಎಂದು ವರದಿ ಕೊಡಲು ಪ್ರೊಬೇಷನ್ ಕಚೇರಿಯ ನಮ್ಮ ಸಾಹೇಬರ ಜೊತೆ ಹೋಗಿದ್ದೆ.

"ತಪ್ಪು ನಂದು," ಅಂದರು ಕೈದಿಯ ಹೆಂಡತಿ. "ಮಲಗಿದ್ರು. ಅವರು ಮನೇಲಿ ನಿದ್ದೆ ಮಾಡೋದು ನೋಡದೆ ಎಷ್ಟು ವರ್ಷ ಆಗಿತ್ತು! ಎಬ್ಬಿಸೋಕೆ ಮನಸ್ಸು ಬರ್ಲಿಲ್ಲ."

"ಓಡಿಹೋಗೋನು ಅಷ್ಟು ನೆಮ್ಮದಿಯಿಂದ ಮಲಗ್ತಾನಾ? ರದ್ದು ಬೇಡ ಅಂತ ಬರಿಯಮ್ಮ," ಅಂದರು ಸಾಹೇಬರು ನನಗೆ.

ನಿರಾಳವಾಗಿ ಎದ್ದು, "ಬರ್ತೇನೆ ಅಕ್ಕಾ," ಅಂದೆ.

ಅವರು ಗಾಬರಿಯಾದರು. "ನೀವು ಬರೋದು ಬೇಡ ತಂಗಿ! ಆ ಮಾತು ಅವರು ಹೇಳ್ಲಿ, ವಾಪಸ್ ಜೈಲಿಗೆ ಹೊರಡುವಾಗ."

ಇಂಗ್ಲಿಷ್ ಮೀಡಿಯಮ್ಮಿನಲ್ಲಿ ‘ಬೈ’ ಅಂದು ಬೆಳೆದವಳಿಗೆ ‘ಬರ್ತೇನೆ’ ಅನ್ನುವುದನ್ನು ಅಮ್ಮ ತಿದ್ದಿ ತಿದ್ದಿ ಕಲಿಸಿದ್ದಳು. ಅವತ್ತು "ಹೋಗ್ತೇನೆ" ಅಂತಲೇ ಹೇಳಿ ಹೊರಟೆ.