ಕಲ್ಲಿನ ಲೈನಿನ ಗುರುತು

ಗುರುತಿನಲ್ಲಿ ಒಟ್ಟು ಹನ್ನೊಂದು ಅಕ್ಷರ. ಮೊದಲ ನಾಲ್ಕು ರೈಲು ನಡೆಸುವ ಕಂಪನಿಯವು.

ಆ ನಾಲ್ಕು ಅಕ್ಷರಗಳ ಬಗ್ಗೆ ನನಗೆ ಸ್ವಲ್ಪ ಗರ್ವವೇ ಇತ್ತು. ಗೋಕಾಕದ ನಮ್ಮ ಮನೆಯ ಮೇಲಿನ ಕೋಣೆಯಲ್ಲಿ ಕುಳಿತು ನಾನು ಮಾಡುವ ಕೆಲಸ ಇಷ್ಟೇ: ಪ್ರತಿ ರೈಲು ಮಾರ್ಗಕ್ಕೂ, ಅದನ್ನು ನಡೆಸುವವರಿಗೂ ಒಂದೊಂದು ಗುರುತು ಕೊಡುವುದು. ಯಾವ ಊರಿನ ಕಂಪ್ಯೂಟರೇ ಆಗಲಿ, ಗುರುತು ನೋಡಿದ ಕೂಡಲೇ ಇದು ಇದೇ ಮಾರ್ಗ ಎಂದು ತಿಳಿಯಬೇಕು. ಮಾರ್ಗದ ಗುರುತಿನೊಳಗೇ ನಡೆಸುವವರ ಗುರುತನ್ನೂ ಸೇರಿಸಿದರೆ ಒಂದೇ ನೋಟಕ್ಕೆ ಎರಡು ಸಂಗತಿ ಸಿಗುತ್ತವೆ. ನಿಯಮ ಬರೆದ ದಿನ ನಾನೇ ಚಹಾ ಮಾಡಿಕೊಂಡು ಕುಡಿದೆ. ನನ್ನ ಮಟ್ಟಿಗೆ ಅದು ದೊಡ್ಡ ಸಂಭ್ರಮ.

ಘೋಡಗೇರಿಯ ರಾಮಪ್ಪ ಕಾಕಾ ಅಪ್ಪನ ಹಳೆಯ ಗೆಳೆಯ. ಕಲ್ಲಿನ ಕ್ವಾರಿಗೆ ಹೋಗುತ್ತಿದ್ದ ಪುಟ್ಟ ಹಳಿಯ ಮೇಲೆ ಮೂವತ್ತು ವರ್ಷ ದಿನವೂ ನಡೆದು, ಸಡಿಲಾದ ಬೋಲ್ಟು ಬಿಗಿಮಾಡಿದವರು. ಊರವರ ಬಾಯಲ್ಲಿ ಅದು ಕಲ್ಲಿನ ಲೈನು. ಯಾವ ನಕ್ಷೆಯಲ್ಲೂ ಅದು ಇರಲಿಲ್ಲ. ಎರಡು ದಿನ ನನ್ನೆದುರು ಕುಳಿತು ಒಂದೊಂದು ತಿರುವು, ಒಂದೊಂದು ಮೋರಿ ಹೇಳಿ ಬರೆಸಿದ್ದರು. "ನನ್ನ ಹೆಸರ ಬ್ಯಾಡವಾ, ಲೈನ್ ಒಂದ ಇರಲಿ. ಇಲ್ಲಾಂದ್ರ ನಾ ಸತ್ತ ಮ್ಯಾಲ ಅದು ಇತ್ತಂತ ಯಾರ ಹೇಳಬೇಕು?" ಎಂದಿದ್ದರು. ನಾನು ಮಾತು ಕೊಟ್ಟಿದ್ದೆ.

ಆಮೇಲೆ ಕ್ವಾರಿಯ ಕಂಪನಿ ಮುಚ್ಚಿತು. ಅದರ ಗುರುತು ರದ್ದಾಯಿತು. ನನ್ನ ನಿಯಮದಂತೆ ಆ ನಾಲ್ಕು ಅಕ್ಷರ ಹೊತ್ತ ಮಾರ್ಗವೂ ಪಟ್ಟಿಯಿಂದ ಬಿತ್ತು. 'ತೆಗೆದದ್ದು: ಒಂದು' ಎಂದು ಪರದೆ ಹೇಳಿತ್ತು. ಯಾವುದೆಂದು ನೋಡದೆ ಒಪ್ಪಿಗೆ ಒತ್ತಿದ್ದೆ.

ನಮ್ಮ ಭಾಗದ ಹಳಿಗಳ ಚರಿತ್ರೆಯೆಂದರೆ ಒಡೆಯರು ಬದಲಾದ ಚರಿತ್ರೆಯೇ. ಕಂಪನಿ ಹೋಗಿ ಸರ್ಕಾರ ಬಂತು, ವಲಯಗಳು ಹೆಸರು ಬದಲಿಸಿದವು, ಹಳಿಯ ಅಗಲವೂ ಬದಲಾಯಿತು. ಮಿರಜಿಗೆ ಹೋಗುವ ಗಾಡಿ ಮಾತ್ರ ಮಿರಜಿಗೇ ಹೋಯಿತು. ವಿಶ್ವವಿದ್ಯಾಲಯದಲ್ಲಿ ಇದನ್ನೆಲ್ಲ ಓದಿ ಒಳ್ಳೆಯ ಅಂಕ ಪಡೆದವಳು ನಾನು. ಓದಿದ್ದು ನಿಯಮ ಬರೆಯುವ ಹೊತ್ತಿಗೆ ಎಲ್ಲಿ ಹೋಗಿತ್ತೋ!

ಮೂಡಲಗಿಯಲ್ಲಿ ಬಸುರಿ ಅತ್ತಿಗೆಯ ಕುಬಸ. ಊಟವಾದ ಮೇಲೆ ಕಾಕಾ ತಮ್ಮ ಗೆಳೆಯರನ್ನು ಕರೆತಂದು ನನ್ನ ಸುತ್ತ ಕೂರಿಸಿದರು. "ತೋರಿಸವಾ, ನಮ್ಮ ಲೈನ್ ತೋರಿಸ."

ಫೋನಿನಲ್ಲಿ ಪಟ್ಟಿ ತೆರೆದು ಹುಡುಕಿದೆ. ಏನೂ ಸಿಗಲಿಲ್ಲ. ಮತ್ತೆ ಹುಡುಕಿದೆ.

ಮಮದಾಪುರದ ಕುರಿಗಾರ ಲಗಮಪ್ಪನವರು ತೊಡೆ ತಟ್ಟಿ ನಕ್ಕರು. "ಮೂವತ್ತ ವರ್ಷ ಎಲ್ಲಿ ಅಡ್ಡಾಡತಿದ್ದಿಯೋ ರಾಮಪ್ಪಾ? ಪಗಾರ ಖರೆ, ಲೈನ್ ಸುಳ್ಳ!"

ಎಲ್ಲರೂ ನಕ್ಕರು. ಕಾಕಾ ಕೂಡ ನಕ್ಕರು, ಸ್ವಲ್ಪ ತಡವಾಗಿ.

"ಕಂಪನಿ ಮುಚ್ಚೇತ್ರಿ ಕಾಕಾ, ಅದಕ್ಕ ಹೋಗೇತಿ" ಎಂದೆ.

"ಕಂಪನಿ ಮುಚ್ಚಿದ್ರ ಹಳಿ ಎದ್ದ ಹೋಗತಾವೇನವಾ?" ಲಗಮಪ್ಪನವರು ಬಿಡಲಿಲ್ಲ. "ನಮ್ಮ ಕುರಿ ನೋಡ. ಮರಿ ಇದ್ದಾಗ ಕಿವಿ ಕೊಯ್ದ ಗುರುತ ಮಾಡತೀವಿ, ಹತ್ತ ಮಂದಿ ಕೈ ದಾಟಿದ್ರೂ ಅದು ಅಳಿಯೂದಿಲ್ಲ. ಮಾಲಕರ ಗುರುತ ಬೆನ್ನ ಮ್ಯಾಲಿನ ಬಣ್ಣ. ಉಣ್ಣೆ ಕತ್ತರಿಸಿದ್ರ ಹೋತು, ಹೊಸಾ ಮಾಲಕ ಹೊಸಾದ ಹಚ್ಚತಾನ."

ನಾನು ತಿಂಗಳುಗಟ್ಟಲೆ ತಿದ್ದಿ ಬರೆದ ನಿಯಮಕ್ಕಿಂತ ಅದು ಒಳ್ಳೆಯ ನಿಯಮ. ಬಣ್ಣ ಹಚ್ಚಬೇಕಾದಲ್ಲಿ ನಾನು ಕಿವಿ ಕೊಯ್ದಿದ್ದೆ.

"ಕಂಪನಿ ಮುಚ್ಚಿದ್ರ ಆಕಿ ಏನ್ ಮಾಡ್ಯಾಳು? ನಿಂದೇನೂ ತಪ್ಪಿಲ್ಲ ಬಿಡವಾ" ಎಂದು ಕಾಕಾ ನನ್ನ ಪರ ನಿಂತರು. ನಾನು ಹೇಳಿದ್ದರಲ್ಲಿ ಒಂದಕ್ಷರವೂ ಸುಳ್ಳಿರಲಿಲ್ಲ. ಆ ನಿಯಮ ಮಾಡಿದವಳು ನಾನು ಎಂಬುದನ್ನಷ್ಟೇ ಬಿಟ್ಟಿದ್ದೆ. ಕರಾರುವಾಕ್ಕಾಗಿ ಮಾತಾಡುವವರಿಗೆ ಸುಳ್ಳು ಹೇಳುವ ಅಗತ್ಯವೇ ಬೀಳುವುದಿಲ್ಲ.

ಮರುದಿನ ಬೆಳಿಗ್ಗೆ ಕಂಪ್ಯೂಟರ್ ತೆರೆಯದೆ ಘೋಡಗೇರಿಯ ಬಸ್ಸು ಹತ್ತಿದೆ. ಕಾಕಾ ಕಟ್ಟೆಯ ಮೇಲೆ ಕುಳಿತಿದ್ದರು. "ಲೈನ್ ತೆಗೆದಾಕಿ ನಾನ ರಿ ಕಾಕಾ. ನಾ ಮಾಡಿದ ನಿಯಮಾನ ತಪ್ಪೈತಿ. ಅದನ್ನ ಬದಲಿ ಮಾಡತೀನಿ" ಎಂದೆ.

"ಮಾಡವಾ" ಎಂದರು ಕಾಕಾ. "ಆದರ ಈ ಮಾತ ನಿನ್ನೆ ಮಂದಿ ಮುಂದ ಹೇಳಬೇಕಿತ್ತು."

ಲಗಮಪ್ಪನವರ ಊರು ಮಮದಾಪುರಕ್ಕೆ ಬಸ್ಸು ಎಷ್ಟು ಹೊತ್ತಿಗೆ ಎಂದು ಅವರನ್ನೇ ಕೇಳಿ, ಸ್ಟ್ಯಾಂಡಿನ ಕಡೆ ನಡೆದೆ.